ಎಡ್ಗಾರ್ ದೆಗಾ: ಮಿಶ್ರ ಮಾಧ್ಯಮದ ಪ್ರಯೋಗ ಮತ್ತು ಸಮೂಹ ಪ್ರದರ್ಶನದ ಸಂಘಟನೆ

ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಚಿತ್ರಕಲೆಯ ಮಾತು ಬಂದಾಗ ಎಡ್ಗಾರ್ ದೆಗಾನ ಹೆಸರು ನರ್ತಕಿಯರ ಚಿತ್ರಗಳೊಡನೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಈ ಪ್ರಸಿದ್ಧಿಯು ಅವನ ಬದುಕಿನ ಎರಡು ಮುಖ್ಯ ಸಂಗತಿಗಳನ್ನು ಹಿಂದಕ್ಕೆ ಸರಿಸಿದೆ. ಒಂದೇ ಕೃತಿಯಲ್ಲಿ ಹಲವು ಮಾಧ್ಯಮಗಳನ್ನು ಬೆರೆಸಿ ಆತ ನಡೆಸಿದ ಪ್ರಯೋಗಗಳು ಮೊದಲನೆಯದು. ೧೮೭೪ರಿಂದ ೧೮೮೬ರವರೆಗೆ ಪ್ಯಾರಿಸ್ಸಿನಲ್ಲಿ ನಡೆದ ಎಂಟು ಸಮೂಹ ಪ್ರದರ್ಶನಗಳ ಸಂಘಟನೆಯಲ್ಲಿ ಅವನು ವಹಿಸಿದ ಪಾತ್ರ ಎರಡನೆಯದು. ಕಲಾಚರಿತ್ರೆಯ ಗ್ರಂಥಗಳು ಇವೆರಡನ್ನೂ ಸಾಮಾನ್ಯವಾಗಿ ಬೇರೆ ಬೇರೆ ಅಧ್ಯಾಯಗಳಲ್ಲಿ ಚರ್ಚಿಸುತ್ತವೆ. ಆದರೆ ಒಂದೇ ಮನೋಧರ್ಮ ಈ ಎರಡರ ಹಿಂದೆಯೂ ಕೆಲಸ ಮಾಡಿದೆ. ಭಿನ್ನ ಗುಣದ ವಸ್ತುಗಳು ಒಂದೇ ಹಾಳೆಯ ಮೇಲೆ ತಮ್ಮ ತಮ್ಮ ಗುಣವನ್ನು ಬಿಟ್ಟುಕೊಡದೆ ಕೂಡಿರಬಲ್ಲವು ಎಂದು ನಂಬಿದವನು, ಭಿನ್ನ ರೀತಿಯ ಕಲಾವಿದರೂ ಒಂದೇ ಮಾಡಿನ ಕೆಳಗೆ ಹಾಗೆಯೇ ಕೂಡಿರಬಲ್ಲರು ಎಂದು ನಂಬಿದ. ಮೊದಲನೆಯ ನಂಬಿಕೆ ಫಲಿಸಿತು, ಎರಡನೆಯದು ಅರ್ಧದಲ್ಲಿ ಮುರಿಯಿತು. ಅದು ಮುರಿದುದರಲ್ಲಿ ದೆಗಾನ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವನ ಜೀವನವನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

೧

ದೆಗಾ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, ೧೮೩೪ರ ಜುಲೈ ೧೯ರಂದು. ತಂದೆ ಒಗುಸ್ತ್ ಬ್ಯಾಂಕ್ ವ್ಯವಹಾರದ ಮನೆತನಕ್ಕೆ ಸೇರಿದವನು. ತಾಯಿ ಸೆಲೆಸ್ತೀನ್ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ನೆಲೆಸಿದ್ದ ಫ್ರೆಂಚ್ ಮೂಲದ ಕುಟುಂಬದವಳು. ದೆಗಾನಿಗೆ ಹದಿಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಲೂಯಿ-ಲೆ-ಗ್ರಾಂ ಶಾಲೆಯಲ್ಲಿ ಓದು ಮುಗಿಸಿದ ಮೇಲೆ ಹೆಸರಿಗೆ ಮಾತ್ರ ಕಾನೂನು ವಿಭಾಗವನ್ನು ಸೇರಿದ ಆತ, ೧೮೫೩ರಿಂದಲೇ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕೃತಿಗಳನ್ನು ನಕಲು ಮಾಡಲು ಅನುಮತಿ ಪಡೆದುಕೊಂಡಿದ್ದ. ೧೮೫೫ರಲ್ಲಿ ಚಿತ್ರಕಲಾ ಶಾಲೆಗೆ ಪ್ರವೇಶ ದೊರೆಯಿತು. ಅಲ್ಲಿ ಅವನ ಗುರು ಲೂಯಿ ಲಾಮೊತ್, ಮಹಾ ಸಂಪ್ರದಾಯಸ್ಥನಾದ ಆಂಗ್ರ್‌ನ ಶಿಷ್ಯಪರಂಪರೆಗೆ ಸೇರಿದವನು. ದೆಗಾ ಆಂಗ್ರ್‌ನನ್ನು ಒಮ್ಮೆ ಭೇಟಿಯಾದಾಗ, ನೆನಪಿನಿಂದಲೂ ಪ್ರಕೃತಿಯಿಂದಲೂ ರೇಖೆಗಳನ್ನು ಎಳೆಯುತ್ತಲೇ ಇರುವಂತೆ ಆ ಹಿರಿಯ ಹೇಳಿದನೆಂದು ಪ್ರತೀತಿ. ಆ ಉಪದೇಶವನ್ನು ದೆಗಾ ಜೀವಮಾನವಿಡೀ ಪಾಲಿಸಿದ. ಮುಂದೆ ಅವನು ಕೈಗೊಂಡ ಪ್ರಯೋಗಗಳೆಲ್ಲವೂ ಈ ರೇಖಾಬಲದ ಮೇಲೆಯೇ ನಿಂತಿವೆ.

೧೮೫೬ರಿಂದ ೧೮೫೯ರವರೆಗೆ ಇಟಲಿಯಲ್ಲಿ ಕಳೆದು ಹಿಂದಿರುಗಿದ ದೆಗಾ ಆರಂಭದಲ್ಲಿ ಚಾರಿತ್ರಿಕ ವಸ್ತುಗಳನ್ನು ಚಿತ್ರಿಸಿದ. ಅಂದಿನ ಫ್ರಾನ್ಸಿನಲ್ಲಿ ಕಲಾವಿದನೊಬ್ಬನು ಜನರಿಗೆ ಪರಿಚಿತನಾಗಬೇಕಾದರೆ ಸರ್ಕಾರದ ಆಶ್ರಯದಲ್ಲಿ ನಡೆಯುತ್ತಿದ್ದ ಸಲೋನ್ ಎಂಬ ಬೃಹತ್ ಪ್ರದರ್ಶನದಲ್ಲಿ ಅವನ ಕೃತಿ ಸ್ವೀಕೃತವಾಗಬೇಕಾಗಿತ್ತು. ೧೮೬೫ರಿಂದ ೧೮೭೦ರವರೆಗೆ ದೆಗಾನ ಕೃತಿಗಳು ಸಲೋನ್‌ನಲ್ಲಿ ಪ್ರತಿವರ್ಷವೂ ಪ್ರದರ್ಶಿತವಾದವು. ಆದುದರಿಂದ ಅವನನ್ನು ಸಲೋನ್‌ನಿಂದ ತಿರಸ್ಕೃತನಾದ ಬಂಡಾಯಗಾರನೆಂದು ಕರೆಯಲಾಗದು. ಚಿತ್ರಗಳನ್ನು ಗೋಡೆಯ ಬುಡದಿಂದ ಮಾಡಿನವರೆಗೆ ಒತ್ತೊತ್ತಾಗಿ ತೂಗುಹಾಕುವ ಅಲ್ಲಿನ ಕ್ರಮವೂ, ಪದಕಗಳ ವ್ಯವಸ್ಥೆಯೂ, ತೀರ್ಪುಗಾರರ ಅಧಿಕಾರವೂ ಅವನಿಗೆ ಒಗ್ಗಲಿಲ್ಲ. ೧೮೭೦ರ ನಂತರ ಆತ ಸಲೋನ್‌ಗೆ ಮತ್ತೆ ಕೃತಿಗಳನ್ನು ಕಳುಹಿಸಲೇ ಇಲ್ಲ.

ಅದೇ ವರ್ಷ ಪ್ರಷ್ಯಾದೊಡನೆ ಯುದ್ಧ ಆರಂಭವಾಯಿತು. ರಾಷ್ಟ್ರೀಯ ರಕ್ಷಣಾ ದಳವನ್ನು ಸೇರಿದ ದೆಗಾನಿಗೆ ತನ್ನ ದೃಷ್ಟಿಯಲ್ಲಿ ದೋಷವಿರುವುದು ಆಗ ತಿಳಿದುಬಂತು. ಕಣ್ಣಿನ ಚಿಂತೆ ಮುಂದೆ ಅವನನ್ನು ಎಂದೂ ಬಿಡಲಿಲ್ಲ. ೧೮೭೨-೭೩ರಲ್ಲಿ ತಾಯಿಯ ತವರಾದ ನ್ಯೂ ಆರ್ಲಿಯನ್ಸ್‌ಗೆ ಹೋಗಿ, ಅಲ್ಲಿ ಬಂಧುಗಳ ಹತ್ತಿ ವ್ಯಾಪಾರದ ಕಚೇರಿಯನ್ನು ಚಿತ್ರಿಸಿದ. ೧೮೭೮ರಲ್ಲಿ ಫ್ರಾನ್ಸಿನ ಪೋ ನಗರದ ವಸ್ತುಸಂಗ್ರಹಾಲಯ ಕೊಂಡುಕೊಂಡ ಈ ಚಿತ್ರವೇ ಸಾರ್ವಜನಿಕ ಸಂಗ್ರಹವೊಂದನ್ನು ಸೇರಿದ ದೆಗಾನ ಮೊದಲ ಕೃತಿ. ೧೮೭೪ರಲ್ಲಿ ತಂದೆ ತೀರಿಕೊಂಡ ಬಳಿಕ ಮನೆತನದ ಸಾಲಗಳು ಒಂದೊಂದಾಗಿ ಹೊರಬಿದ್ದವು. ಕುಟುಂಬದ ಮಾನ ಉಳಿಸುವ ಸಲುವಾಗಿ ದೆಗಾ ತನ್ನ ಮನೆಯನ್ನೂ ಸಂಗ್ರಹದ ಕಲಾಕೃತಿಗಳನ್ನೂ ಮಾರಿದ. ಅಲ್ಲಿಯವರೆಗೆ ಹಣದ ಚಿಂತೆಯಿಲ್ಲದೆ ಚಿತ್ರ ಬರೆಯುತ್ತಿದ್ದವನು ನಲವತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಕುಂಚದಿಂದಲೇ ಬದುಕಬೇಕಾಯಿತು. ಪ್ರಯೋಗ ಮತ್ತು ಪ್ರದರ್ಶನ ಎರಡೂ ಅವನಿಗೆ ಅನಿವಾರ್ಯವಾದುದು ಈ ಸಂದರ್ಭದಲ್ಲಿ.

೨

ದೆಗಾನ ಪ್ರಯೋಗಗಳಿಗೆ ತೈಲವರ್ಣದ ಬಗೆಗಿನ ಅತೃಪ್ತಿಯೇ ಮೂಲ. ಎಣ್ಣೆಯ ಹೊಳಪೂ, ಅದು ಒಣಗಲು ಹಿಡಿಯುವ ಕಾಲವೂ ಅವನಿಗೆ ಹಿಡಿಸುತ್ತಿರಲಿಲ್ಲ. ಒತ್ತುಕಾಗದದ ಮೇಲೆ ಬಣ್ಣವನ್ನು ಹರಡಿ ಎಣ್ಣೆಯನ್ನು ಹೀರಿಸಿ, ಉಳಿದ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳುಮಾಡಿ ಅವನು ಬಳಸಿದ. ಹೀಗೆ ಸಿದ್ಧವಾದ ಬಣ್ಣ ಜಲವರ್ಣದಂತೆ ಬೇಗ ಒಣಗುತ್ತದೆ, ಹೊಳಪಿಲ್ಲದೆ ಮಂದವಾಗಿ ನಿಲ್ಲುತ್ತದೆ, ಕಾಗದದ ಮೇಲೂ ಕೂರುತ್ತದೆ. ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ, ಸರಳಿನ ಬಳಿ ಅಭ್ಯಾಸ ಮಾಡುತ್ತಿರುವ ಇಬ್ಬರು ನರ್ತಕಿಯರ ೧೮೭೭ರ ಚಿತ್ರವನ್ನು ಅಲ್ಲಿನ ಪಟ್ಟಿಯಲ್ಲಿ ಮಿಶ್ರ ಮಾಧ್ಯಮದ ಕೃತಿಯೆಂದೇ ದಾಖಲಿಸಲಾಗಿದೆ.

ಇದಕ್ಕಿಂತ ಮಹತ್ತ್ವದ ಪ್ರಯೋಗ ಮಾನೋಟೈಪ್, ಅಂದರೆ ಏಕಮುದ್ರಣ. ಸುಮಾರು ೧೮೭೪-೭೬ರ ಅವಧಿಯಲ್ಲಿ ಮುದ್ರಣಕಲಾವಿದನಾದ ಗೆಳೆಯ ಲುದೊವಿಕ್ ಲೆಪಿಕ್‌ನಿಂದ ದೆಗಾ ಈ ವಿದ್ಯೆಯನ್ನು ಕಲಿತ. ನೃತ್ಯಗುರುವೊಬ್ಬನನ್ನು ಚಿತ್ರಿಸುವ ಮೊದಲ ಮುದ್ರಿಕೆಯ ಮೇಲೆ ಇಬ್ಬರ ಸಹಿಯೂ ಇದೆ. ಇದರ ಕ್ರಮ ಸರಳ. ಲೋಹದ ನುಣುಪಾದ ಫಲಕದ ಮೇಲೆ ಮುದ್ರಣದ ಶಾಯಿಯಿಂದ ಚಿತ್ರ ಬರೆಯಬೇಕು; ಇಲ್ಲವೇ ಫಲಕವನ್ನೆಲ್ಲ ಶಾಯಿಯಿಂದ ಮುಚ್ಚಿ, ಬೆಳಕು ಬೇಕಾದೆಡೆಗಳಲ್ಲಿ ಬಟ್ಟೆಯಿಂದಲೋ ಬೆರಳಿನಿಂದಲೋ ಒರೆಸಿ ತೆಗೆಯಬೇಕು. ಬಳಿಕ ಒದ್ದೆ ಕಾಗದವನ್ನಿಟ್ಟು ಯಂತ್ರದಲ್ಲಿ ಒತ್ತಬೇಕು. ಫಲಕದಲ್ಲಿ ಕೊರೆತವಿಲ್ಲದ ಕಾರಣ ಒಳ್ಳೆಯ ಪ್ರತಿ ಒಂದೇ ದೊರೆಯುತ್ತದೆ. ಎರಡನೆಯ ಬಾರಿ ಒತ್ತಿದರೆ ಮಸುಕಾದ ಛಾಯೆಯಷ್ಟೇ ಮೂಡುತ್ತದೆ. ಇತರರು ಎಸೆದುಬಿಡಬಹುದಾಗಿದ್ದ ಈ ಮಸುಕು ಪ್ರತಿಯನ್ನು ದೆಗಾ ಹೊಸ ಚಿತ್ರದ ತಳಹದಿಯನ್ನಾಗಿ ಮಾಡಿಕೊಂಡ. ಅದರ ಮೇಲೆ ಪೇಸ್ಟಲ್ ಬಣ್ಣದ ಕಡ್ಡಿಗಳಿಂದ ಕೆಲಸ ಮಾಡಿ, ಒಂದೇ ಫಲಕದಿಂದ ಕಪ್ಪು-ಬಿಳುಪಿನ ಒಂದು ಕೃತಿಯನ್ನೂ ಬಣ್ಣದ ಮತ್ತೊಂದು ಕೃತಿಯನ್ನೂ ಪಡೆದ. ಅವನು ರಚಿಸಿದ ಏಕಮುದ್ರಣಗಳ ಸಂಖ್ಯೆ ಮುನ್ನೂರರಷ್ಟಿದೆ. ರಂಗದ ಕೆಳಗಿನ ದೀಪಗಳು ನರ್ತಕಿಯ ಮುಖವನ್ನು ಬುಡದಿಂದ ಬೆಳಗುವಾಗ ಹಿಂದಿನ ಕತ್ತಲು ಹೇಗೆ ಕಾಣುತ್ತದೆ ಎಂಬುದನ್ನು ಹಿಡಿಯಲು ಅವನಿಗೆ ಕೆಳಗಿನ ಶಾಯಿಯ ಗಾಢತೆಯೂ ಬೇಕಿತ್ತು, ಮೇಲಿನ ಪೇಸ್ಟಲ್‌ನ ಹುಡಿಯೂ ಬೇಕಿತ್ತು. ಈ ಬಗೆಯ ಮಿಶ್ರಣ ಚಮತ್ಕಾರಕ್ಕಾಗಿ ಮಾಡಿದ್ದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪೇಸ್ಟಲ್ ಬಳಕೆಯಲ್ಲೂ ದೆಗಾ ವಾಡಿಕೆಯನ್ನು ಮುರಿದ. ಕಾಗದದ ಮೇಲೆ ಹುಡಿಯಾಗಿ ನಿಲ್ಲುವ ಈ ಬಣ್ಣಕ್ಕೆ ಬಿಸಿನೀರಿನ ಹಬೆ ತಾಗಿಸಿ ಕುಂಚದಿಂದ ತಿದ್ದಿದ. ಒಂದು ಪದರವನ್ನು ಸ್ಥಿರಗೊಳಿಸುವ ದ್ರವದಿಂದ ಬಲಪಡಿಸಿ, ಕೆಳಗಿನ ಬಣ್ಣ ಮೇಲಿನ ಗೆರೆಗಳ ಸಂದಿಯಿಂದ ಇಣುಕುವಂತೆ ಮತ್ತೊಂದು ಪದರವನ್ನು ಹಚ್ಚಿದ. ಚಿತ್ರ ಬೆಳೆದಂತೆ ಕಾಗದ ಸಾಲದಾದಾಗ ಬದಿಗೆ ಕಾಗದದ ಪಟ್ಟಿಗಳನ್ನು ಅಂಟಿಸಿ ಮುಂದುವರಿದ. ೧೮೭೯ರಲ್ಲಿ ರಚಿಸಿದ ವಿಮರ್ಶಕ ದ್ಯುರಾಂತಿಯ ಭಾವಚಿತ್ರದಲ್ಲಿ ಸರೇಸಿನ ಬಣ್ಣವೂ ಪೇಸ್ಟಲ್ಲೂ ಕೂಡಿವೆ. ಅದೇ ಕಾಲದ, ವೇಷಧಾರಿಗಳ ನೃತ್ಯಕೂಟದಿಂದ ಮರಳಿದ ಮಹಿಳೆಯ ಭಾವಚಿತ್ರದಲ್ಲಿ ಇವೆರಡರ ಜೊತೆಗೆ ಲೋಹದ ಹೊಳಪಿನ ಬಣ್ಣವೂ ಸೇರಿದೆ. ರೇಷ್ಮೆಯ ಬೀಸಣಿಗೆಗಳ ಮೇಲೂ ಅವನು ಚಿನ್ನದ ಬಣ್ಣ ಬಳಸಿ ಚಿತ್ರಿಸಿದ. ಕಲಾಪ್ರಕಾರಗಳ ಮೇಲು-ಕೀಳೆಂಬ ಶ್ರೇಣಿಯಲ್ಲಿ ತೈಲಚಿತ್ರವೇ ಶಿಖರವೆಂದು ಗಣಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

೩

ಸಲೋನ್‌ನಿಂದ ಸ್ವತಂತ್ರವಾಗಿ, ತೀರ್ಪುಗಾರರಿಲ್ಲದೆ, ತಾವೇ ಪ್ರದರ್ಶನ ನಡೆಸಬೇಕೆಂದು ಮೋನೆ, ಪಿಸಾರೊ, ರೆನ್ವಾರ್, ಸಿಸ್ಲಿ, ದೆಗಾ, ಬೆರ್ತ್ ಮೊರಿಸೊ ಮೊದಲಾದವರು ೧೮೭೩ರ ಡಿಸೆಂಬರಿನಲ್ಲಿ ಸಹಕಾರಿ ಸಂಘವೊಂದನ್ನು ಸ್ಥಾಪಿಸಿದರು. ಛಾಯಾಗ್ರಾಹಕ ನದಾರ್ ಬಿಟ್ಟುಹೋಗಿದ್ದ ಸ್ಟುಡಿಯೋದಲ್ಲಿ ೧೮೭೪ರ ಏಪ್ರಿಲ್ ೧೫ರಂದು, ಸಲೋನ್‌ಗಿಂತ ಸುಮಾರು ಎರಡು ವಾರ ಮೊದಲು, ಪ್ರದರ್ಶನ ಆರಂಭವಾಯಿತು. ಮೂವತ್ತು ಕಲಾವಿದರ ೧೬೫ ಕೃತಿಗಳು ಪಟ್ಟಿಯಲ್ಲಿದ್ದವು. ಪ್ರವೇಶ ಶುಲ್ಕ ಒಂದು ಫ್ರಾಂಕ್. ಬಂದವರು ಸುಮಾರು ೩೫೦೦ ಮಂದಿ. ವರ್ಷಾಂತ್ಯದಲ್ಲಿ ಲೆಕ್ಕ ನೋಡಿದಾಗ ಪ್ರತಿ ಸದಸ್ಯನೂ ೧೮೪ ಫ್ರಾಂಕ್ ೫೦ ಸೆಂಟೀಮ್ ತೆರಬೇಕಾಗಿ ಬಂದು ಸಂಘ ವಿಸರ್ಜಿತವಾಯಿತು. ಲೂಯಿ ಲೆರುವಾ ಎಂಬ ಪತ್ರಕರ್ತ ಮೋನೆಯ ಚಿತ್ರವೊಂದರ ಹೆಸರನ್ನು ಹಿಡಿದು ಇವರನ್ನು ಇಂಪ್ರೆಷನಿಸ್ಟರೆಂದು ಗೇಲಿ ಮಾಡಿದ. ಗೇಲಿಯ ಮಾತೇ ಚಳವಳಿಯ ಹೆಸರಾಯಿತು.

ಈ ಹೆಸರು ದೆಗಾನಿಗೆ ಎಂದೂ ಒಪ್ಪಿಗೆಯಾಗಲಿಲ್ಲ. ನವೋದಯ, ನವ್ಯ ಎಂಬ ಹೆಸರುಗಳ ಸುತ್ತ ನಮ್ಮ ಸಾಹಿತ್ಯದಲ್ಲಿ ನಡೆದ ಚರ್ಚೆಗಳನ್ನು ಬಲ್ಲ ಕನ್ನಡದ ವಿದ್ಯಾರ್ಥಿಗಳಿಗೆ ಅವನ ಆಕ್ಷೇಪ ಸುಲಭವಾಗಿ ಅರ್ಥವಾದೀತು. ಹೆಸರು ಬಂದೊಡನೆ ಒಳಗಿನವರು ಯಾರು, ಹೊರಗಿನವರು ಯಾರು ಎಂಬ ಗೆರೆ ಬೀಳುತ್ತದೆ. ಬಯಲಿನಲ್ಲಿ ಕುಳಿತು ಬೆಳಕಿನ ಕ್ಷಣಿಕ ಛಾಯೆಗಳನ್ನು ಹಿಡಿಯುವ ಮೋನೆಯ ಮಾರ್ಗ ದೆಗಾನದಲ್ಲ. ಅವನದು ಕೋಣೆಯೊಳಗಿನ ಕೆಲಸ. ನೆನಪು, ರೇಖಾಭ್ಯಾಸ, ಮರುತಿದ್ದುಪಡಿಗಳ ಕೆಲಸ. ಆಧುನಿಕ ಬದುಕನ್ನು ಚಿತ್ರಿಸುವ ಎಲ್ಲ ಬಗೆಯ ಕಲಾವಿದರೂ ಸೇರಿದ, ಶೈಲಿಯ ಬೇಲಿಯಿಲ್ಲದ ವೇದಿಕೆಯೊಂದು ಅವನಿಗೆ ಬೇಕಾಗಿತ್ತು. ಆದುದರಿಂದಲೇ ಆತ ಮೊದಲಿನಿಂದಲೂ ಹೊರಗಿನವರನ್ನು ಕರೆತರುತ್ತ ಹೋದ. ಮಾನೆ ನಿರಾಕರಿಸಿದ, ಟಿಸ್ಸೊ ಬರಲಿಲ್ಲ. ಲೆಪಿಕ್, ಬ್ರಾಕ್ಮೊಂ, ದೆ ನಿತ್ತಿಸ್ ಮೊದಲ ಪ್ರದರ್ಶನದಲ್ಲೇ ಸೇರಿದರು. ಅಮೆರಿಕದ ಮೇರಿ ಕಸಾಟ್, ಇಟಲಿಯ ಝಾಂದೊಮೆನೆಗಿ, ಫೊರೇನ್ ಮತ್ತು ರಫಾಯೆಲಿ ಮುಂದೆ ಬಂದರು.

ಈ ಉದಾರ ಆಹ್ವಾನದ ಜೊತೆಗೆ ಕಠಿಣವಾದ ಒಂದು ನಿಯಮವನ್ನೂ ದೆಗಾ ಹೇರಿದ: ಸಲೋನ್‌ಗೆ ಕೃತಿ ಕಳುಹಿಸುವವರಿಗೆ ಈ ಪ್ರದರ್ಶನದಲ್ಲಿ ಸ್ಥಳವಿಲ್ಲ. ತತ್ತ್ವದ ದೃಷ್ಟಿಯಿಂದ ಇದು ನ್ಯಾಯವಾದುದು. ಆದರೆ ಸಲೋನ್‌ನ ಗೋಡೆಯ ಮೇಲೆ ಕಾಣಿಸಿಕೊಳ್ಳದ ಚಿತ್ರಕಾರನಿಗೆ ಗಿರಾಕಿಗಳು ದೊರೆಯುವುದು ಕಷ್ಟವಾಗಿದ್ದ ಕಾಲವದು. ೧೮೭೯ರ ನಾಲ್ಕನೆಯ ಪ್ರದರ್ಶನದಿಂದ ರೆನ್ವಾರ್ ಮತ್ತು ಸಿಸ್ಲಿ ದೂರ ಉಳಿದರು. ೧೮೮೦ರಲ್ಲಿ ಮೋನೆಯೂ ಸಲೋನ್‌ನತ್ತ ನಡೆದ.

ದೆಗಾನ ಕಲ್ಪನೆ ಪೂರ್ಣವಾಗಿ ಸಾಕಾರಗೊಂಡುದು ೧೮೭೯ರ ಪ್ರದರ್ಶನದಲ್ಲೇ ಎನ್ನಬಹುದು. ಅವನ ಒತ್ತಾಯದಂತೆ ಇಂಪ್ರೆಷನಿಸ್ಟ್ ಎಂಬ ಹೆಸರನ್ನು ಕೈಬಿಟ್ಟು, ಸ್ವತಂತ್ರ ಕಲಾವಿದರ ಗುಂಪು ನಡೆಸುವ ಪ್ರದರ್ಶನವೆಂದು ಸಾರಲಾಯಿತು. ಅವೆನ್ಯೂ ದ ಲೊಪೆರಾದ ೨೮ನೆಯ ಕಟ್ಟಡದಲ್ಲಿ ಏಪ್ರಿಲ್ ೧೦ರಿಂದ ಮೇ ೧೧ರವರೆಗೆ ಅದು ನಡೆಯಿತು. ತೈಲಚಿತ್ರಗಳೊಡನೆ ಪೇಸ್ಟಲ್, ಸರೇಸಿನ ಬಣ್ಣದ ಚಿತ್ರಗಳು, ಚಿತ್ರಿತ ಬೀಸಣಿಗೆಗಳು ಒಂದೇ ಗೌರವದಿಂದ ಸ್ಥಾನ ಪಡೆದವು. ಭೇಟಿ ನೀಡಿದವರ ಸಂಖ್ಯೆ ಹದಿನೈದು ಸಾವಿರವನ್ನು ದಾಟಿತು. ಐದು ವರ್ಷಗಳ ಹಿಂದೆ ನಷ್ಟ ಹಂಚಿಕೊಂಡಿದ್ದವರು ಈ ಬಾರಿ ತಲಾ ೪೩೯ ಫ್ರಾಂಕ್ ಲಾಭ ಪಡೆದರು. ಮೇರಿ ಕಸಾಟ್ ತನ್ನ ಪಾಲಿನಿಂದ ಮೋನೆಯ ಒಂದು ಕೃತಿಯನ್ನೂ ದೆಗಾನ ಒಂದು ಕೃತಿಯನ್ನೂ ಕೊಂಡಳು.

ಈ ಯಶಸ್ಸಿನ ಬೆನ್ನಲ್ಲೇ ಹಗಲು ಮತ್ತು ರಾತ್ರಿ ಎಂಬರ್ಥದ ಹೆಸರಿನಲ್ಲಿ ಮುದ್ರಣಚಿತ್ರಗಳ ಪತ್ರಿಕೆಯೊಂದನ್ನು ತರಲು ದೆಗಾ ಯೋಜಿಸಿದ. ಕಸಾಟ್, ಪಿಸಾರೊ, ಬ್ರಾಕ್ಮೊಂ ಜೊತೆಗೂಡಿದರು. ಪಿಸಾರೊನ ಕೆಲವು ಫಲಕಗಳನ್ನು ದೆಗಾ ತನ್ನ ಕೈಯಿಂದಲೇ ಮುದ್ರಿಸಿಕೊಟ್ಟ. ಲೂವ್ರ್‌ನಲ್ಲಿ ಕಸಾಟ್ ಚಿತ್ರಗಳನ್ನು ನೋಡುತ್ತಿರುವ ದೃಶ್ಯದ ಫಲಕವೊಂದನ್ನು ಇಪ್ಪತ್ತರಷ್ಟು ಹಂತಗಳಲ್ಲಿ ತಿದ್ದಿದ. ಆದರೆ ತಿದ್ದುವುದು ಮುಗಿಯಲಿಲ್ಲ. ಪತ್ರಿಕೆ ಹೊರಬರಲೇ ಇಲ್ಲ. ಕೃತಿಯನ್ನು ಮುಗಿಯಿತೆಂದು ಒಪ್ಪಿಕೊಳ್ಳದ ಈ ಸ್ವಭಾವ ಕಲಾವಿದನಲ್ಲಿ ಗುಣ, ಸಂಘಟಕನಲ್ಲಿ ದೋಷ.

೪

೧೮೮೦ರ ಐದನೆಯ ಪ್ರದರ್ಶನದ ಹೊತ್ತಿಗೆ ಗುಂಪಿನ ಬಿರುಕು ಬಹಿರಂಗವಾಯಿತು. ಭಿತ್ತಿಪತ್ರದಲ್ಲಿ ಕಲಾವಿದರ ಹೆಸರುಗಳಿರಬೇಕೆಂದು ಗುಸ್ತಾವ್ ಕಾಯ್ಬೊತ್ ವಾದಿಸಿದ. ದೆಗಾ ವಿರೋಧಿಸಿ ಸೋತ. ಕಾಯ್ಬೊತ್ ಸ್ವತಃ ಚಿತ್ರಕಾರ, ಶ್ರೀಮಂತ. ಬಾಡಿಗೆಗೂ ಸಹವರ್ತಿಗಳ ಚಿತ್ರ ಖರೀದಿಗೂ ತನ್ನ ಹಣವನ್ನು ಧಾರಾಳವಾಗಿ ಸುರಿದವನು. ದೆಗಾ ಕರೆತಂದ ರಫಾಯೆಲಿ ಒಬ್ಬನೇ ಮೂವತ್ತಕ್ಕೂ ಹೆಚ್ಚು ಕೃತಿಗಳೊಡನೆ ಗೋಡೆಗಳನ್ನು ಆಕ್ರಮಿಸಿದ್ದು ಅವನ ಅಸಮಾಧಾನವನ್ನು ಹೆಚ್ಚಿಸಿತು. ೧೮೮೧ರ ಜನವರಿಯಲ್ಲಿ ಕಾಯ್ಬೊತ್ ಪಿಸಾರೊನಿಗೆ ದೀರ್ಘ ಪತ್ರ ಬರೆದ. ದೆಗಾ ಮಹಾ ಪ್ರತಿಭಾವಂತನೆಂಬುದನ್ನು ಒಪ್ಪುತ್ತಲೇ, ಗುಂಪಿನಲ್ಲಿ ಒಡಕು ತಂದವನು ಅವನೇ ಎಂದೂ, ಕೊಟ್ಟ ಮಾತಿನಂತೆ ಕೃತಿಗಳನ್ನು ತರದೆ ಭಾಷಣದಲ್ಲಿ ಕಾಲ ಕಳೆಯುತ್ತಾನೆಂದೂ ಆರೋಪಿಸಿ, ಅವನನ್ನು ಬಿಟ್ಟು ಮುಂದುವರಿಯೋಣವೆಂದು ಸೂಚಿಸಿದ. ಪಿಸಾರೊ ಒಪ್ಪಲಿಲ್ಲ. ಕಸಾಟ್‌ಳಂತಹ ಕಲಾವಿದರನ್ನು ಗುಂಪಿಗೆ ತಂದವನನ್ನು ಕೈಬಿಡುವುದು ಅವನಿಗೆ ನ್ಯಾಯವೆನಿಸಲಿಲ್ಲ. ಆ ವರ್ಷ ಹೊರಗುಳಿದವನು ಕಾಯ್ಬೊತ್.

೧೮೮೧ರ ಏಪ್ರಿಲ್‌ನಲ್ಲಿ ಆರನೆಯ ಪ್ರದರ್ಶನ ತೆರೆದಾಗ ದೆಗಾನ ಸ್ಥಳದಲ್ಲಿದ್ದುದು ಬರಿದಾದ ಒಂದು ಗಾಜಿನ ಪೆಟ್ಟಿಗೆ. ಹಿಂದಿನ ವರ್ಷದ ಪಟ್ಟಿಯಲ್ಲೇ ಹೆಸರಿದ್ದು ಬಾರದಿದ್ದ ಶಿಲ್ಪ ಅದರೊಳಗೆ ಬಂದು ನಿಂತದ್ದು ಸುಮಾರು ಎರಡು ವಾರಗಳ ನಂತರ. ಕಾಯ್ಬೊತ್‌ನ ದೂರು ಸುಳ್ಳಲ್ಲವೆಂಬುದಕ್ಕೆ ಬರಿದಾದ ಪೆಟ್ಟಿಗೆ ಸಾಕ್ಷಿ. ದೆಗಾ ಗುಂಪಿಗೆ ಏಕೆ ಬೇಕಾಗಿದ್ದ ಎಂಬುದಕ್ಕೆ ಒಳಗೆ ಬಂದ ಶಿಲ್ಪ ಸಾಕ್ಷಿ.

‘ಹದಿನಾಲ್ಕು ವರ್ಷದ ಪುಟ್ಟ ನರ್ತಕಿ’ ಎಂಬ ಈ ಶಿಲ್ಪದ ಎತ್ತರ ಸುಮಾರು ೯೯ ಸೆಂಟಿಮೀಟರ್. ಲೋಹದ ಸರಳು, ಹಗ್ಗ, ಹಳೆಯ ಕುಂಚಗಳಿಂದ ಕಟ್ಟಿದ ಒಡಲಿನ ಮೇಲೆ ಜೇಡಿಮಣ್ಣು. ಅದರ ಮೇಲೆ ಬಣ್ಣ ಬೆರೆಸಿದ ಜೇನುಮೇಣ. ತಲೆಗೆ ನಿಜವಾದ ಕೂದಲು, ಜಡೆಗೆ ರೇಷ್ಮೆಯ ಪಟ್ಟಿ, ಮೈಗೆ ಹತ್ತಿಯ ಕುಪ್ಪಸ, ಸೊಂಟಕ್ಕೆ ತೆಳುಬಟ್ಟೆಯ ಲಂಗ, ಕಾಲಿಗೆ ನಾರುಬಟ್ಟೆಯ ಪಾದರಕ್ಷೆ. ಕುಪ್ಪಸಕ್ಕೂ ಕೂದಲಿಗೂ ಮೇಣ ಹಚ್ಚಿ ಮೈಯೊಡನೆ ಬೆಸೆಯಲಾಗಿತ್ತು. ಕಂಚು ಅಥವಾ ಅಮೃತಶಿಲೆಯೇ ಶಿಲ್ಪದ ಯೋಗ್ಯ ದ್ರವ್ಯವೆಂದು ತಿಳಿದವರಿಗೆ ಇದು ಆಘಾತವನ್ನುಂಟುಮಾಡಿತು. ಗಾಜಿನೊಳಗಿನ ಈ ಆಕೃತಿಯಲ್ಲಿ ವೈದ್ಯಕೀಯ ಸಂಗ್ರಹಾಲಯದ ಮಾದರಿಯನ್ನು ಕಂಡವರೂ ಇದ್ದರು. ಹ್ಯುಯ್ಸ್‌ಮಾನ್ಸ್‌ನಂತಹ ವಿಮರ್ಶಕರು ಮಾತ್ರ ಇದರಲ್ಲಿ ಆಧುನಿಕ ಶಿಲ್ಪದ ಆರಂಭವನ್ನು ಗುರುತಿಸಿದರು. ಅದೇ ಪ್ರದರ್ಶನದಲ್ಲಿ ದೆಗಾ ಅಪರಾಧಿಗಳ ಮುಖಚರ್ಯೆಯನ್ನು ಚಿತ್ರಿಸುವ ಪೇಸ್ಟಲ್‌ಗಳನ್ನೂ ಇಟ್ಟಿದ್ದುದರಿಂದ, ಹುಡುಗಿಯ ಮುಖದಲ್ಲೂ ದುರ್ಗುಣದ ಗುರುತುಗಳನ್ನು ಹುಡುಕಲು ನೋಡುಗರಿಗೆ ಅನುವಾಯಿತು. ಶಿಲ್ಪಕ್ಕೆ ಮಾದರಿಯಾಗಿ ನಿಂತಿದ್ದವಳು ಮಾರಿ ವಾನ್ ಗೋತೆಮ್. ಬೆಲ್ಜಿಯಂನಿಂದ ಬಂದ ಬಡ ಕುಟುಂಬದ ಹುಡುಗಿ, ಒಪೆರಾ ನೃತ್ಯಶಾಲೆಯ ವಿದ್ಯಾರ್ಥಿನಿ. ೧೮೮೨ರಲ್ಲಿ ಅವಳನ್ನು ಒಪೆರಾದಿಂದ ತೆಗೆದುಹಾಕಲಾಯಿತು. ಈ ಶಿಲ್ಪದ ಚರ್ಚೆಯಲ್ಲಿ ಅವಳ ಬದುಕನ್ನು ಮರೆಯುವುದು ಉಚಿತವಲ್ಲ. ದೆಗಾ ತನ್ನ ಜೀವಿತಕಾಲದಲ್ಲಿ ಬೇರೆ ಯಾವ ಶಿಲ್ಪವನ್ನೂ ಪ್ರದರ್ಶಿಸಲಿಲ್ಲ.

೫

೧೮೮೨ರ ಏಳನೆಯ ಪ್ರದರ್ಶನದಲ್ಲಿ ದೆಗಾ ಭಾಗವಹಿಸಲಿಲ್ಲ. ತಾನು ಕರೆತಂದವರಿಗೆ ಸ್ಥಳವಿಲ್ಲವೆಂದಾಗ ತಾನೂ ಹೊರಗುಳಿದ; ಕಸಾಟ್ ಅವನನ್ನು ಅನುಸರಿಸಿದಳು. ೧೮೮೬ರ ಎಂಟನೆಯ, ಕೊನೆಯ ಪ್ರದರ್ಶನಕ್ಕೆ ಮರಳಿ, ಸ್ನಾನ ಮಾಡುತ್ತಿರುವ ಸ್ತ್ರೀಯರ ಪೇಸ್ಟಲ್ ಸರಣಿಯನ್ನು ಇಟ್ಟ. ಸ್ಯುರಾನ ಪ್ರಸಿದ್ಧವಾದ ಗ್ರಾಂದ್ ಜಾತ್ ದ್ವೀಪದ ಚಿತ್ರ ಅಲ್ಲಿಯೇ ಜನರ ಮುಂದೆ ಬಂತು. ಒಟ್ಟು ಎಂಟರಲ್ಲಿ ಏಳು ಪ್ರದರ್ಶನಗಳಲ್ಲಿ ದೆಗಾ ಇದ್ದ. ಮೋನೆ ಇದ್ದುದು ಐದರಲ್ಲಿ. ಚಳವಳಿಯ ಹೆಸರನ್ನು ಒಪ್ಪದವನೇ ಚಳವಳಿಯ ವೇದಿಕೆಗೆ ಹೆಚ್ಚು ನಿಷ್ಠನಾಗಿದ್ದನೆಂಬುದು ವಿಚಿತ್ರವಾದರೂ ಸತ್ಯ.

ಮುಂದಿನ ವರ್ಷಗಳಲ್ಲಿ ಅವನು ಪ್ರದರ್ಶನಗಳಿಂದ ದೂರವಾದ. ೧೮೯೨ರಲ್ಲಿ ದ್ಯುರಾಂ-ರ್ಯುಎಲ್‌ನ ಮಳಿಗೆಯಲ್ಲಿ ನಿಸರ್ಗದೃಶ್ಯಗಳನ್ನು ಪ್ರದರ್ಶಿಸಿದ. ಬಣ್ಣದ ಏಕಮುದ್ರಣದ ಮೇಲೆ ಪೇಸ್ಟಲ್ ಹಚ್ಚಿದ ಈ ಚಿತ್ರಗಳನ್ನು ಆತ ನೆನಪು-ಕಲ್ಪನೆಗಳ ಬಲದಿಂದ ರಚಿಸಿದ್ದ. ಕಣ್ಣು ಮಂದವಾದಂತೆ ಬೆರಳು ಮೇಣದತ್ತ ಹೆಚ್ಚು ಹೆಚ್ಚಾಗಿ ಹೊರಳಿತು.

ಇದೇ ಕಾಲದಲ್ಲಿ ಅವನ ಬದುಕಿನ ಅತ್ಯಂತ ಶೋಚನೀಯ ಘಟ್ಟವೂ ಬಂತು. ಯೆಹೂದಿ ಸೈನ್ಯಾಧಿಕಾರಿ ಡ್ರೈಫಸ್‌ನನ್ನು ೧೮೯೪ರಲ್ಲಿ ದೇಶದ್ರೋಹದ ಸುಳ್ಳು ಆರೋಪದ ಮೇಲೆ ಶಿಕ್ಷಿಸಿದ ಪ್ರಕರಣ ಫ್ರಾನ್ಸನ್ನು ಎರಡಾಗಿ ಸೀಳಿದಾಗ ದೆಗಾ ಯೆಹೂದ್ಯದ್ವೇಷಿಗಳ ಪಕ್ಷ ವಹಿಸಿದ. ಶಾಲಾದಿನಗಳ ಗೆಳೆಯ ಲುದೊವಿಕ್ ಅಲೆವಿಯ ಮನೆಗೆ ಹೋಗುವುದನ್ನು ೧೮೯೭ರಲ್ಲಿ ನಿಲ್ಲಿಸಿದ. ಯೆಹೂದಿ ಮೂಲದ ಪಿಸಾರೊನೊಂದಿಗಿನ ಸಂಬಂಧವನ್ನೂ ಕಡಿದುಕೊಂಡ. ೧೮೮೧ರಲ್ಲಿ ಎಲ್ಲರೂ ತನ್ನನ್ನು ದೂರುತ್ತಿದ್ದಾಗ ತನ್ನ ಪರವಾಗಿ ನಿಂತವನು ಇದೇ ಪಿಸಾರೊ ಎಂಬುದು ಅವನ ನೆನಪಿಗೆ ಬರಲಿಲ್ಲವೋ, ಬಂದರೂ ತಡೆಯಲಿಲ್ಲವೋ! ಇದಕ್ಕೆ ಸಮರ್ಥನೆಯಿಲ್ಲ. ಅವನ ಕಲೆಯ ಮೇಲಿನ ಗೌರವ ಈ ಸಂಗತಿಯನ್ನು ಮುಚ್ಚುವ ಪರದೆಯಾಗಬಾರದು.

೧೯೧೨ರಲ್ಲಿ ದೀರ್ಘಕಾಲ ವಾಸವಾಗಿದ್ದ ಮನೆಯನ್ನು ಬಿಡಬೇಕಾಗಿ ಬಂದ ಮೇಲೆ ದೆಗಾ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸಿದ. ಅದೇ ವರ್ಷ, ಮೇಲೆ ಹೇಳಿದ ಇಬ್ಬರು ನರ್ತಕಿಯರ ಮಿಶ್ರ ಮಾಧ್ಯಮದ ಚಿತ್ರ ಹರಾಜಿನಲ್ಲಿ ನಾಲ್ಕು ಲಕ್ಷ ಫ್ರಾಂಕಿಗೂ ಹೆಚ್ಚಿನ ಬೆಲೆಗೆ ಹೋಯಿತು. ಅದರಲ್ಲಿ ಒಂದು ಫ್ರಾಂಕೂ ಕಲಾವಿದನಿಗೆ ಸಲ್ಲುವಂತಿರಲಿಲ್ಲ. ೧೯೧೭ರ ಸೆಪ್ಟೆಂಬರ್ ೨೭ರಂದು ಅವನು ತೀರಿಕೊಂಡ. ಕೆಲಸದ ಕೋಣೆಯಲ್ಲಿ ನೂರೈವತ್ತರಷ್ಟು ಶಿಲ್ಪಗಳು ದೊರೆತವು, ಹಲವು ಒಡೆದ ಸ್ಥಿತಿಯಲ್ಲಿ. ಅವುಗಳಲ್ಲಿ ಎಪ್ಪತ್ತಕ್ಕೂ ಹೆಚ್ಚನ್ನು ವಾರಸುದಾರರು ಕಂಚಿನಲ್ಲಿ ಎರಕ ಹೊಯ್ಯಿಸಿದರು. ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಕಾಣುವ ಪುಟ್ಟ ನರ್ತಕಿಯರು ಈ ಎರಕದ ಪ್ರತಿಗಳು. ಅವುಗಳಲ್ಲಿ ಕೂದಲೂ ಕುಪ್ಪಸವೂ ಕಂಚಾಗಿವೆ. ಲಂಗ, ಜಡೆಯ ಪಟ್ಟಿಗಳಷ್ಟೇ ಬಟ್ಟೆಯಾಗಿ ಉಳಿದಿವೆ. ದೆಗಾನ ಕೈ ಮುಟ್ಟಿದ ಮೇಣದ ಮೂಲ ಶಿಲ್ಪ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಒಟ್ಟಿನಲ್ಲಿ ನೋಡಿದರೆ, ಗುಂಪನ್ನು ಒಡೆದವನು ದೆಗಾ ಎಂಬ ಕಾಯ್ಬೊತ್‌ನ ತೀರ್ಪಿನಲ್ಲಿ ಅರ್ಧ ಸತ್ಯವಿದೆ. ಅವನ ಹಟ, ಕಟುಮಾತು, ವಿಳಂಬ ಇವು ಸಹವರ್ತಿಗಳನ್ನು ದಣಿಸಿದವು ಎಂಬುದು ನಿರ್ವಿವಾದ. ಉಳಿದರ್ಧವೆಂದರೆ, ಮುದ್ರಣಚಿತ್ರ, ಬೀಸಣಿಗೆ, ಪೇಸ್ಟಲ್, ಮೇಣದ ಶಿಲ್ಪ ಇವೆಲ್ಲವೂ ತೈಲಚಿತ್ರದ ಸಮಕ್ಕೆ ನಿಲ್ಲಬಲ್ಲವೆಂಬ ಅರಿವನ್ನು ಆ ಪ್ರದರ್ಶನಗಳಿಗೆ ತಂದವರಲ್ಲಿ ಅವನೇ ಮುಖ್ಯ. ಹಾಳೆಯ ಮೇಲೆ ಶಾಯಿಗೂ ಪೇಸ್ಟಲ್‌ಗೂ ಅವನು ತೋರಿದ ತಾಳ್ಮೆಯನ್ನು ಮನುಷ್ಯರಿಗೆ ತೋರಲಾರದೆ ಹೋದ. ಶಾಯಿ ತನ್ನ ಗುಣವನ್ನು ಉಳಿಸಿಕೊಂಡೇ ಪೇಸ್ಟಲ್‌ಗೆ ಎಡೆ ಕೊಡುತ್ತದೆ. ಸಂಘಜೀವನಕ್ಕೂ ಬೇಕಾದ ಪಾಠ ಅದೇ. ಅದು ಅವನ ಕೃತಿಗಳಲ್ಲಿದೆ, ಬದುಕಿನಲ್ಲಿಲ್ಲ. ಸಮೂಹ ಪ್ರಯತ್ನಗಳಲ್ಲಿ ತೊಡಗುವ ಕಲಾವಿದರೂ ಸಾಹಿತಿಗಳೂ ದೆಗಾನಿಂದ ಕಲಿಯಬೇಕಾದುದನ್ನು ಈ ಎರಡೂ ಕಡೆಗಳಿಂದ ಕಲಿಯಬೇಕಾಗಿದೆ.